ಭಾರತದ ಕಾಲ್ಚೆಂಡಾಟದ ಉಚ್ಛ್ರಾಯಕಾಲ: ೧೯೪೮–೧೯೬೨

೧

ಒಂದು ರಾಷ್ಟ್ರೀಯ ಕ್ರೀಡಾತಂಡದ ಏಳುಬೀಳುಗಳು ಇತಿಹಾಸದ ಅಭ್ಯಾಸಕ್ಕೆ ಯೋಗ್ಯವಾದ ವಿಷಯವೇ ಎಂಬ ಸಂದೇಹ ಕೆಲವರಿಗೆ ಬರಬಹುದು. ರಾಜವಂಶಗಳ, ಶಾಸನಗಳ, ಭೂಕಂದಾಯದ ಇತಿಹಾಸಕ್ಕೆ ಇರುವ ಗಾಂಭೀರ್ಯ ಆಟಕ್ಕೆ ಇಲ್ಲವೆಂಬ ಭಾವನೆ ನಮ್ಮಲ್ಲಿ ಹಳೆಯದು. ಆದರೆ ಸಾವಿರಾರು ಜನರನ್ನು ಒಂದು ಬಯಲಿಗೆ ಕರೆತಂದು, ತಮ್ಮ ದೇಶವೆಂದರೆ ಏನೆಂಬುದನ್ನು ಅವರ ಕಣ್ಣಿಗೆ ಕಾಣುವಂತೆ ಮಾಡಿದ ಸಂಗತಿಯೊಂದು ಇತಿಹಾಸಕಾರನ ಗಮನಕ್ಕೆ ಹೊರಗಾಗಿ ಉಳಿಯಲಾರದು. ಸ್ವಾತಂತ್ರ್ಯ ಬಂದ ಮೊದಲ ಹದಿನೈದು ವರ್ಷಗಳಲ್ಲಿ ಭಾರತದ ಕಾಲ್ಚೆಂಡಿನ ತಂಡ ಎರಡು ಸಲ ಏಷ್ಯನ್ ಕ್ರೀಡೆಗಳಲ್ಲಿ ಚಿನ್ನದ ಪದಕವನ್ನು ಪಡೆಯಿತು. ಒಮ್ಮೆ ಒಲಿಂಪಿಕ್ ಕ್ರೀಡೆಗಳಲ್ಲಿ ನಾಲ್ಕನೆಯ ಸ್ಥಾನಕ್ಕೆ ಏರಿತು. ಆ ಬಳಿಕ ಅಂತಹ ಸಾಧನೆ ಈ ದೇಶಕ್ಕೆ ಒದಗಲಿಲ್ಲ.

ಈ ಕಾಲವನ್ನು ಕುರಿತು ಜನಮನದಲ್ಲಿ ಎರಡು ಕಥೆಗಳು ನೆಲೆಗೊಂಡಿವೆ. ಒಂದು, ಬರಿಗಾಲಿನಲ್ಲಿ ಆಡುವ ಹಟದಿಂದ ಭಾರತ ವಿಶ್ವಕಪ್ಪನ್ನು ಕಳೆದುಕೊಂಡಿತೆಂಬುದು. ಇನ್ನೊಂದು, ಸಕಲ ಯಶಸ್ಸೂ ಒಬ್ಬ ಶಿಕ್ಷಕರ ಪ್ರತಿಭೆಯಿಂದ ಬಂದು, ಅವರ ಮರಣದೊಡನೆ ಹೊರಟುಹೋಯಿತೆಂಬುದು. ೨೦೨೪ರಲ್ಲಿ ತೆರೆಕಂಡ ಹಿಂದಿ ಚಲನಚಿತ್ರ ‘ಮೈದಾನ್’ ಈ ಎರಡನೆಯ ಕಥೆಗೆ ಹೊಸ ಪ್ರಚಾರವನ್ನು ಕೊಟ್ಟಿದೆ. ಇವೆರಡನ್ನೂ ಘಟನೆಗಳ ಕಾಲಾನುಕ್ರಮದ ಒರೆಗಲ್ಲಿಗೆ ಹಚ್ಚಿ ನೋಡುವುದೇ ಪ್ರಸ್ತುತ ಲೇಖನದ ಉದ್ದೇಶ.

೨

ಕಾಲ್ಚೆಂಡಾಟ ಈ ದೇಶಕ್ಕೆ ಬ್ರಿಟಿಷ್ ಸೈನ್ಯದೊಡನೆ ಬಂದಿತು. ೧೮೮೮ರಲ್ಲಿ ಸಿಮ್ಲಾದಲ್ಲಿ ಡ್ಯುರಾಂಡ್ ಕಪ್ ಪಂದ್ಯಾವಳಿ ಆರಂಭವಾದಾಗ ಅದು ದಂಡಿನವರ ಆಟವೇ ಆಗಿದ್ದಿತು. ಇದು ಭಾರತೀಯರ ಸ್ವತ್ತಾದದ್ದು ೧೯೧೧ರ ಜುಲೈ ೨೯ರಂದು ಎನ್ನಬಹುದು. ಅಂದು ಕಲ್ಕತ್ತೆಯ ಮೋಹನ್ ಬಗಾನ್ ತಂಡ, ಒಬ್ಬರ ಹೊರತು ಉಳಿದವರೆಲ್ಲರೂ ಬರಿಗಾಲಿನವರಾಗಿದ್ದು, ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು ೨–೧ ಗೋಲುಗಳಿಂದ ಸೋಲಿಸಿ ಐ.ಎಫ್.ಎ. ಷೀಲ್ಡನ್ನು ಗೆದ್ದುಕೊಂಡಿತು. ಬರಿಗಾಲು ಕೇವಲ ಬಡತನದ ಗುರುತಾಗಿ ಉಳಿಯದೆ ಅಭಿಮಾನದ ಗುರುತಾಗಿ ಮಾರ್ಪಟ್ಟದ್ದಕ್ಕೆ ಈ ವಿಜಯವೇ ಕಾರಣ. ಮುಂದೆ ನಾಲ್ಕು ದಶಕಗಳವರೆಗೆ ಈ ಅಭಿಮಾನ ಭಾರತೀಯ ಆಟಕ್ಕೆ ಬಲವೂ ಆಯಿತು, ತೊಡಕೂ ಆಯಿತು.

ಈ ಆಟದ ಇತಿಹಾಸವೆಂದರೆ ಕಲ್ಕತ್ತೆಯ ಇತಿಹಾಸವೇ ಎಂದು ತಿಳಿಯುವುದು ಸರಿಯಲ್ಲ. ದಂಡು ಇದ್ದೆಡೆಯಲ್ಲೆಲ್ಲ ಆಟ ಬೇರುಬಿಟ್ಟಿತು. ಬೆಂಗಳೂರಿನ ದಂಡು ಪ್ರದೇಶ ಅವುಗಳಲ್ಲಿ ಪ್ರಮುಖವಾದದ್ದು. ಸೈನಿಕರ ಆಟವನ್ನು ಬೇಲಿಯಾಚೆ ನಿಂತು ನೋಡಿದ ಸುತ್ತಣ ಬಡಾವಣೆಗಳ ಹುಡುಗರು ಅದನ್ನು ತಮ್ಮದಾಗಿಸಿಕೊಂಡರು. ೧೯೩೭ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಮುಂಬಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. ಭಾರತೀಯ ನಾಗರಿಕರ ತಂಡವೊಂದು ಆ ಕಪ್ಪನ್ನು ಪಡೆದದ್ದು ಅದೇ ಮೊದಲು. ಮರುವರ್ಷವೂ ಅದೇ ತಂಡ ಗೆದ್ದಿತು. ೧೯೪೧ರಲ್ಲಿ ಆರಂಭವಾದ ಸಂತೋಷ್ ಟ್ರೋಫಿಯನ್ನು ಮೈಸೂರು ತಂಡ ೧೯೪೬–೪೭ರಲ್ಲಿಯೂ ೧೯೫೨–೫೩ರಲ್ಲಿಯೂ ಬಲಿಷ್ಠ ಬಂಗಾಳವನ್ನು ಸೋಲಿಸಿ ಗೆದ್ದುಕೊಂಡಿತು. ಹೈದರಾಬಾದಿನಲ್ಲಿ ನಗರ ಪೊಲೀಸ್ ತಂಡ ೧೯೫೦ರಿಂದ ೧೯೫೪ರವರೆಗೆ ಸತತವಾಗಿ ಐದು ವರ್ಷ ರೋವರ್ಸ್ ಕಪ್ಪನ್ನು ತನ್ನಲ್ಲಿ ಇಟ್ಟುಕೊಂಡಿತು. ಹೀಗೆ ಕಲ್ಕತ್ತೆ, ಬೆಂಗಳೂರು, ಹೈದರಾಬಾದು, ಮುಂಬಯಿ ಮೊದಲಾದ ಕೆಲವೇ ನಗರಗಳ ಸ್ಪರ್ಧೆಯಿಂದ ರಾಷ್ಟ್ರೀಯ ತಂಡ ಮೂಡಿತೆಂಬುದನ್ನು ಮೊದಲು ಗ್ರಹಿಸಬೇಕು.

೩

ಸ್ವತಂತ್ರ ಭಾರತದ ತಂಡ ಲೋಕದ ಕಣ್ಣಿಗೆ ಮೊದಲು ಬಿದ್ದದ್ದು ೧೯೪೮ರ ಲಂಡನ್ ಒಲಿಂಪಿಕ್ಸಿನಲ್ಲಿ. ನಾಗಾ ಪ್ರದೇಶದ ತಾಲಿಮೆರೆನ್ ಆವ್ ಅವರು ನಾಯಕರು. ಜುಲೈ ೩೧ರಂದು ಫ್ರಾನ್ಸಿನ ಎದುರು ನಡೆದ ಪಂದ್ಯದಲ್ಲಿ ಬಹುಮಂದಿ ಭಾರತೀಯರು ಬರಿಗಾಲಿನಲ್ಲಿ ಆಡಿದರು. ದೊರೆತ ಎರಡು ಪೆನಾಲ್ಟಿ ಹೊಡೆತಗಳೂ ವ್ಯರ್ಥವಾದುವು. ಬೆಂಗಳೂರಿನ ಎಸ್. ರಾಮನ್ ಒಂದು ಗೋಲು ಹೊಡೆದು ಸಮಮಾಡಿದರೂ, ಕೊನೆಯ ಗಳಿಗೆಯಲ್ಲಿ ಫ್ರಾನ್ಸ್ ೨–೧ರಿಂದ ಗೆದ್ದಿತು. ಸೋತರೂ ತಂಡ ಪ್ರೇಕ್ಷಕರ ಮೆಚ್ಚುಗೆಯನ್ನು ಪಡೆಯಿತು.

ಇದಾದ ಎರಡು ವರ್ಷಕ್ಕೆ ಬ್ರೆಜಿಲಿನ ವಿಶ್ವಕಪ್ ಬಂದಿತು. ಬರ್ಮಾ, ಇಂಡೊನೇಷ್ಯಾ, ಫಿಲಿಪೈನ್ಸ್ ದೇಶಗಳು ಹಿಂದೆ ಸರಿದುದರಿಂದ ಭಾರತಕ್ಕೆ ಪಂದ್ಯವಾಡದೆಯೇ ಪ್ರವೇಶ ಲಭಿಸಿತು. ಸ್ವೀಡನ್, ಇಟಲಿ, ಪರಾಗ್ವೆಗಳೊಡನೆ ಒಂದೇ ಗುಂಪಿನಲ್ಲಿ ಸ್ಥಾನವೂ ಗೊತ್ತಾಯಿತು. ಆದರೆ ತಂಡ ಹೋಗಲಿಲ್ಲ. ಅಂತರರಾಷ್ಟ್ರೀಯ ಫುಟ್‌ಬಾಲ್ ಸಂಸ್ಥೆ ಬರಿಗಾಲಿನ ಆಟವನ್ನು ನಿಷೇಧಿಸಿದ್ದೇ ಇದಕ್ಕೆ ಕಾರಣವೆಂಬ ಕಥೆ ಹುಟ್ಟಿ, ಪಠ್ಯಗಳಿಗೂ ಪ್ರವೇಶಿಸಿತು.

ಈ ಕಥೆಯನ್ನು ಪರೀಕ್ಷಿಸಲು ಗುಪ್ತ ದಾಖಲೆಗಳೇನೂ ಬೇಕಾಗಿಲ್ಲ, ಕಾಲಾನುಕ್ರಮವೇ ಸಾಕು. ಒಲಿಂಪಿಕ್ ಕಾಲ್ಚೆಂಡಾಟವೂ ಅದೇ ಸಂಸ್ಥೆಯ ನಿಯಮಗಳಿಗೆ ಒಳಪಟ್ಟದ್ದು. ೧೯೪೮ರಲ್ಲಿ ಲಂಡನ್ನಿನಲ್ಲಿ ಬರಿಗಾಲಿಗೆ ಅಡ್ಡಿಯಿರಲಿಲ್ಲ. ೧೯೫೨ರಲ್ಲಿ ಹೆಲ್ಸಿಂಕಿಯಲ್ಲಿಯೂ ಕೆಲವು ಭಾರತೀಯ ಆಟಗಾರರು ಬರಿಗಾಲಿನಲ್ಲಿಯೇ ಕಣಕ್ಕಿಳಿದರು. ನಡುವಣ ೧೯೫೦ರಲ್ಲಿ ಮಾತ್ರ ಅದೇ ಕಾಲು ಅನರ್ಹವಾಗಿತ್ತೆಂದು ನಂಬುವುದು ಹೇಗೆ? ಅಭ್ಯಾಸಕ್ಕೆ ಸಾಲದ ಕಾಲ, ತಂಡದ ಆಯ್ಕೆಯಲ್ಲಿ ಭಿನ್ನಾಭಿಪ್ರಾಯ, ಎಲ್ಲಕ್ಕೂ ಮಿಗಿಲಾಗಿ ಒಲಿಂಪಿಕ್ಸೇ ಪರಮ, ವಿಶ್ವಕಪ್ ಗೌಣ ಎಂದು ಭಾವಿಸಿದ ಆಡಳಿತದವರ ದೃಷ್ಟಿ—ಇವೇ ನಿಜವಾದ ಕಾರಣಗಳೆಂದು ಗ್ರಹಿಸುವುದು ಯುಕ್ತ. ೧೯೫೧ರ ಏಷ್ಯನ್ ಕ್ರೀಡೆಗಳಲ್ಲಿ ನಾಯಕರಾಗಿದ್ದ ಶೈಲೇನ್ ಮನ್ನಾ ಅವರೂ ಬರಿಗಾಲಿನ ಮಾತನ್ನು ಒಂದು ನೆಪವೆಂದೇ ಮುಂದೆ ಹೇಳಿದರು. ಹಾಗಾದರೆ ಕಥೆ ಉಳಿದುಬಂದದ್ದೇಕೆ? ೧೯೧೧ರ ಬರಿಗಾಲಿನ ಅಭಿಮಾನಕ್ಕೆ ಅದು ಹೊಂದಿಕೊಂಡದ್ದರಿಂದ. ಆಡಳಿತದ ಅನಾಸ್ಥೆಯಿಂದ ಅವಕಾಶ ಕೈತಪ್ಪಿತೆಂದು ಒಪ್ಪುವುದಕ್ಕಿಂತ, ಸ್ವಾಭಿಮಾನಕ್ಕಾಗಿ ತ್ಯಜಿಸಿದೆವೆಂದು ಹೇಳಿಕೊಳ್ಳುವುದು ಹಿತಕರವಲ್ಲವೆ?

೪

೧೯೫೧ರ ಮಾರ್ಚಿಯಲ್ಲಿ ದೆಹಲಿಯಲ್ಲಿ ಪ್ರಥಮ ಏಷ್ಯನ್ ಕ್ರೀಡೆಗಳು ನಡೆದುವು. ಭಾರತ ಇಂಡೊನೇಷ್ಯಾವನ್ನೂ ಆಫ್ಘಾನಿಸ್ತಾನವನ್ನೂ ತಲಾ ೩–೦ರಿಂದ ಸೋಲಿಸಿ, ಅಂತಿಮ ಪಂದ್ಯದಲ್ಲಿ ಸಾಹು ಮೇವಾಲಾಲ್ ಹೊಡೆದ ಏಕೈಕ ಗೋಲಿನಿಂದ ಇರಾನನ್ನು ಜಯಿಸಿತು. ತಂಡದ ಶಿಕ್ಷಕರು ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ. ಅವರು ವೃತ್ತಿಯಿಂದ ಶಾಲಾ ಉಪಾಧ್ಯಾಯರು. ೧೯೪೩ರಿಂದ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಗಳು.

ಆದರೆ ಈ ಚಿನ್ನದ ಪದಕ ತಂಡದ ನಿಜವಾದ ಬಲವನ್ನು ತೋರಿಸಲಿಲ್ಲ. ಅದನ್ನು ತೋರಿಸಿದ್ದು ಮರುವರ್ಷದ ಸೋಲು. ಹೆಲ್ಸಿಂಕಿಯಲ್ಲಿ ಯುಗೊಸ್ಲಾವಿಯಾ ಭಾರತವನ್ನು ೧೦–೧ರಿಂದ ಸದೆಬಡಿಯಿತು. ಭಾರತದ ಒಂದೇ ಗೋಲನ್ನು ಆಟ ಮುಗಿಯುವ ಹೊತ್ತಿಗೆ ಬೆಂಗಳೂರಿನ ಅಹಮದ್ ಖಾನ್ ಹೊಡೆದರು. ಬೆಂಗಳೂರಿನಿಂದ ಹೋಗಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದಲ್ಲಿ ‘ಪಂಚಪಾಂಡವ’ರಲ್ಲೊಬ್ಬರೆಂದು ಹೆಸರಾದ ಈತ ಚೆಂಡಿನ ಮೇಲಣ ಹತೋಟಿಯಲ್ಲಿ ಅಸಾಮಾನ್ಯರು. ಆದರೆ ಚಳಿ, ಒದ್ದೆ ನೆಲ, ಬೂಟು ತೊಟ್ಟ ದೃಢಕಾಯರಾದ ಎದುರಾಳಿಗಳು—ಇವುಗಳ ಮುಂದೆ ವ್ಯಕ್ತಿಯ ಚಾತುರ್ಯ ಎಷ್ಟರದು? ದೇಶದೊಳಗಣ ಅನೇಕ ಪಂದ್ಯಗಳು ಎಪ್ಪತ್ತು ನಿಮಿಷಗಳವು. ಒಲಿಂಪಿಕ್ ಪಂದ್ಯ ತೊಂಬತ್ತು ನಿಮಿಷಗಳದು. ಆ ಕೊನೆಯ ಇಪ್ಪತ್ತು ನಿಮಿಷಗಳಿಗೆ ಬೇಕಾದ ದೇಹಬಲ ನಮ್ಮ ಆಟಗಾರರಲ್ಲಿ ರೂಢಿಯಾಗಿರಲಿಲ್ಲ.

ಈ ಸೋಲಿನ ಬಳಿಕ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ ಬೂಟನ್ನು ಕಡ್ಡಾಯಗೊಳಿಸಿತು. ರಹೀಂ ಅವರು ಆಟದ ಕ್ರಮವನ್ನೇ ಬದಲಾಯಿಸಲು ತೊಡಗಿದರು. ಚೆಂಡನ್ನು ತನ್ನಲ್ಲೇ ಇರಿಸಿಕೊಂಡು ಮೆರೆಯುವ ಅಭ್ಯಾಸವನ್ನು ಬಿಡಿಸಲು, ಹಾಗೆ ಕೊಂಡೊಯ್ಯುವುದನ್ನೇ ನಿಷೇಧಿಸಿದ ಪಂದ್ಯಗಳನ್ನು ಅವರು ಏರ್ಪಡಿಸುತ್ತಿದ್ದರು. ರೂಢಿಯಿಲ್ಲದ ಕಾಲಿನಿಂದ ಮಾತ್ರ ಒದೆಯತಕ್ಕ ಪಂದ್ಯಗಳೂ ಇದ್ದುವು. ಉಪಾಧ್ಯಾಯನೊಬ್ಬ ವಿದ್ಯಾರ್ಥಿಯ ದುರ್ಬಲ ವಿಷಯವನ್ನು ಗುರುತಿಸಿ ಅದರಲ್ಲೇ ಹೆಚ್ಚು ಅಭ್ಯಾಸ ಕೊಡುವ ರೀತಿಯದು ಇದು.

೫

ಇದರ ಫಲ ೧೯೫೬ರ ಮೆಲ್ಬೋರ್ನಿನಲ್ಲಿ ಕಾಣಿಸಿತು. ಸಮರ್ ಬ್ಯಾನರ್ಜಿಯವರ ನಾಯಕತ್ವದ ತಂಡದಲ್ಲಿ ಬೆಂಗಳೂರಿನ ಮರಿಯಪ್ಪ ಕೆಂಪಯ್ಯ ಅವರೂ ಇದ್ದರು. ಡಿಸೆಂಬರ್ ೧ರಂದು ಆತಿಥೇಯ ಆಸ್ಟ್ರೇಲಿಯಾವನ್ನು ಭಾರತ ೪–೨ರಿಂದ ಸೋಲಿಸಿತು. ಮೂರು ಗೋಲುಗಳನ್ನು ನೆವಿಲ್ ಡಿಸೋಜಾ ಹೊಡೆದರು. ಒಲಿಂಪಿಕ್ ಪಂದ್ಯವೊಂದರಲ್ಲಿ ಏಷ್ಯಾದ ಆಟಗಾರನೊಬ್ಬ ಮೂರು ಗೋಲು ಹೊಡೆದದ್ದು ಅದೇ ಮೊದಲು. ಏಷ್ಯಾದ ತಂಡವೊಂದು ಉಪಾಂತ್ಯಕ್ಕೆ ಬಂದದ್ದೂ ಮೊದಲೇ. ಅಲ್ಲಿ ಯುಗೊಸ್ಲಾವಿಯಾ ೪–೧ರಿಂದಲೂ, ಮೂರನೆಯ ಸ್ಥಾನದ ಪಂದ್ಯದಲ್ಲಿ ಬಲ್ಗೇರಿಯಾ ೩–೦ಯಿಂದಲೂ ಗೆದ್ದುವು.

ಇಲ್ಲಿ ಅತಿಶಯೋಕ್ತಿಗೆ ಎಡೆಗೊಡಬಾರದು. ಅನೇಕ ದೇಶಗಳು ಆ ಕ್ರೀಡೆಗಳಿಂದ ಹಿಂದೆ ಸರಿದಿದ್ದುವು. ಹಂಗೆರಿ ಬಾರದುದರಿಂದ ಭಾರತ ಮೊದಲ ಸುತ್ತನ್ನು ಆಡದೆಯೇ ದಾಟಿತು. ನಾಲ್ಕನೆಯ ಸ್ಥಾನ ಒಂದೇ ಗೆಲುವಿನಿಂದ ಬಂದದ್ದು. ಆದ್ದರಿಂದ ಸ್ಥಾನಕ್ಕಿಂತ ಹೆಚ್ಚು ನಂಬತಕ್ಕ ಅಳತೆಗೋಲು ಬೇರೆಯದಿರಬೇಕು; ಅದೆಂದರೆ ಯುರೋಪಿನ ತಂಡಗಳೆದುರು ಆದ ಗೋಲುಗಳ ಅಂತರ. ೧೯೫೨ರಲ್ಲಿ ಯುಗೊಸ್ಲಾವಿಯಾದೆದುರು ೧–೧೦. ೧೯೫೬ರಲ್ಲಿ ಅದೇ ದೇಶದೆದುರು ಮೊದಲು ಗೋಲು ಹೊಡೆದು ಮುಂದಿದ್ದು, ಕೊನೆಗೆ ೧–೪. ೧೯೬೦ರ ರೋಮಿನಲ್ಲಿ ಹಂಗೆರಿಯೆದುರು ೧–೨, ಫ್ರಾನ್ಸಿನೆದುರು ಪಿ. ಕೆ. ಬ್ಯಾನರ್ಜಿಯವರ ಗೋಲಿನಿಂದ ೧–೧ರ ಸಮಬಲ. ಪೆರುವಿಗೆ ೧–೩ರಿಂದ ಸೋತು ತಂಡ ಹಿಂದಿರುಗಿತು, ನಿಜ. ಆದರೂ ಎಂಟು ವರ್ಷಗಳಲ್ಲಿ ಕ್ರಮಿಸಿದ ದೂರ ಈ ಅಂಕಿಗಳಿಂದಲೇ ಸ್ಪಷ್ಟವಾಗುತ್ತದೆ.

೧೯೬೨ರ ಜಕಾರ್ತ ಈ ಪರಿಶ್ರಮದ ಶಿಖರ. ಇಸ್ರೇಲ್ ಮತ್ತು ತೈವಾನ್ ದೇಶಗಳಿಗೆ ಇಂಡೊನೇಷ್ಯಾ ಪ್ರವೇಶ ನೀಡದಿದ್ದುದನ್ನು ಭಾರತದ ಕ್ರೀಡಾಧುರೀಣ ಜಿ. ಡಿ. ಸೋಂಧಿಯವರು ಆಕ್ಷೇಪಿಸಿದುದರಿಂದ ಅಲ್ಲಿನ ಜನ ಭಾರತೀಯರ ಮೇಲೆ ಕುಪಿತರಾಗಿದ್ದರು. ಮೊದಲ ಪಂದ್ಯದಲ್ಲಿ ಭಾರತ ದಕ್ಷಿಣ ಕೊರಿಯಾಕ್ಕೆ ೦–೨ರಿಂದ ಸೋತಿತು. ತರುವಾಯ ಥಾಯ್ಲೆಂಡನ್ನು ೪–೧ರಿಂದ, ಜಪಾನನ್ನು ೨–೦ಯಿಂದ, ಉಪಾಂತ್ಯದಲ್ಲಿ ದಕ್ಷಿಣ ವಿಯೆಟ್ನಾಮನ್ನು ೩–೨ರಿಂದ ಸೋಲಿಸಿತು. ತಲೆಗೆ ಪೆಟ್ಟುಬಿದ್ದಿದ್ದ ರಕ್ಷಕ ಜರ್ನೈಲ್ ಸಿಂಗರನ್ನು ರಹೀಂ ಮುಂಚೂಣಿಯ ನಡುವೆ ನಿಲ್ಲಿಸಿದರು. ಸೆಪ್ಟೆಂಬರ್ ೪ರಂದು, ಪ್ರತಿಕೂಲವಾಗಿ ಕೂಗುತ್ತಿದ್ದ ಭಾರಿ ಜನಸಮೂಹದ ಮುಂದೆ, ಅಂತಿಮ ಪಂದ್ಯ ಅದೇ ಕೊರಿಯಾದೊಡನೆ. ೧೯೫೬ರಲ್ಲಿಯೂ ೧೯೬೦ರಲ್ಲಿಯೂ ಏಷ್ಯಾ ಕಪ್ ಗೆದ್ದಿದ್ದ ದೇಶವದು. ಹದಿನೇಳನೆಯ ನಿಮಿಷದಲ್ಲಿ ಬ್ಯಾನರ್ಜಿ, ಇಪ್ಪತ್ತನೆಯ ನಿಮಿಷದಲ್ಲಿ ಜರ್ನೈಲ್ ಸಿಂಗ್ ಗೋಲು ಹೊಡೆದರು. ೨–೧ರಿಂದ ಗೆದ್ದ ತಂಡದ ನಾಯಕ ಚುನಿ ಗೋಸ್ವಾಮಿ. ತುಲಸೀದಾಸ್ ಬಲರಾಂ, ಪೀಟರ್ ತಂಗರಾಜ್, ಬೆಂಗಳೂರಿನ ಅರುಮೈನಾಯಗಂ ಮೊದಲಾದವರು ಆ ಪೀಳಿಗೆಯವರು.

೬

ಆಗಲೇ ಕ್ಯಾನ್ಸರಿನಿಂದ ಪೀಡಿತರಾಗಿದ್ದ ರಹೀಂ ೧೯೬೩ರ ಜೂನ್ ೧೧ರಂದು ನಿಧನರಾದರು. ಅವರೊಡನೆ ಎಲ್ಲವೂ ಮುಗಿಯಿತೆಂಬುದು ಎರಡನೆಯ ಕಥೆ. ಇದರಲ್ಲಿ ಸತ್ಯಾಂಶವಿದೆ, ಆದರೆ ಪೂರ್ಣ ಸತ್ಯವಿಲ್ಲ. ೧೯೬೪ರಲ್ಲಿ ಭಾರತ ಏಷ್ಯಾ ಕಪ್ಪಿನಲ್ಲಿ ಎರಡನೆಯ ಸ್ಥಾನವನ್ನು ಪಡೆಯಿತು. ೧೯೭೦ರಲ್ಲಿ ಬ್ಯಾಂಗ್‌ಕಾಕಿನಲ್ಲಿ ಜಪಾನನ್ನು ಸೋಲಿಸಿ ಕಂಚಿನ ಪದಕವನ್ನು ತಂದಿತು. ಕೂಡಿಟ್ಟ ಧಾನ್ಯ ಒಂದೇ ದಿನ ತೀರಲಿಲ್ಲ. ಹೊಸ ಬಿತ್ತನೆ ಆಗಲಿಲ್ಲ, ಅಷ್ಟೆ.

ಜಪಾನಿನ ಉದಾಹರಣೆ ಇಲ್ಲಿ ಬೋಧಪ್ರದವಾಗಿದೆ. ೧೯೬೨ರಲ್ಲಿ ಭಾರತಕ್ಕೆ ಸೋತ ಆ ದೇಶ ೧೯೬೦ರಲ್ಲಿಯೇ ಜರ್ಮನಿಯ ಡೆಟ್ಮರ್ ಕ್ರಾಮರ್ ಅವರನ್ನು ಶಿಕ್ಷಕರನ್ನಾಗಿ ಕರೆಸಿಕೊಂಡಿತ್ತು. ೧೯೬೫ರಲ್ಲಿ ರಾಷ್ಟ್ರವ್ಯಾಪಿ ಲೀಗನ್ನು ಸ್ಥಾಪಿಸಿತು. ೧೯೬೮ರಲ್ಲಿ ಮೆಕ್ಸಿಕೊ ಒಲಿಂಪಿಕ್ಸಿನಲ್ಲಿ ಕಂಚಿನ ಪದಕವನ್ನು ಗಳಿಸಿತು. ಭಾರತದಲ್ಲಿ ರಾಷ್ಟ್ರೀಯ ಲೀಗ್ ಆರಂಭವಾದದ್ದು ೧೯೯೬ರಲ್ಲಿ. ಈ ನಡುವೆ ಮೂರು ದಶಕಗಳಿಗೂ ಮಿಗಿಲಾದ ಅಂತರವಿದೆ. ಜಪಾನು ಶಿಕ್ಷಕನ ವಿದ್ಯೆಯನ್ನು ಸಂಸ್ಥೆಯಾಗಿ ಮಾರ್ಪಡಿಸಿಕೊಂಡಿತು. ಭಾರತ ಅದನ್ನು ಒಬ್ಬ ವ್ಯಕ್ತಿಯಲ್ಲೇ ಬಿಟ್ಟಿತು. ದೇಶದ ಉತ್ತಮ ಆಟಗಾರರು ಕಲ್ಕತ್ತೆಯ ಎರಡು ಮೂರು ದೊಡ್ಡ ಸಂಘಗಳಿಗೆ ಹರಿದುಹೋದರು; ಅವರನ್ನು ಬೆಳೆಸಿದ ಬೆಂಗಳೂರು, ಹೈದರಾಬಾದುಗಳ ಬಡಾವಣೆಗಳಿಗೆ ಮರಳಿ ಸಂದದ್ದು ಸ್ವಲ್ಪ. ಮೈಸೂರು ೧೯೬೭–೬೮ ಮತ್ತು ೧೯೬೮–೬೯ರಲ್ಲಿ ಸಂತೋಷ್ ಟ್ರೋಫಿಯನ್ನು ಗೆದ್ದ ಮೇಲೆ, ಕರ್ನಾಟಕ ಅದನ್ನು ಮತ್ತೆ ಕಂಡದ್ದು ೨೦೨೩ರ ಮಾರ್ಚಿಯಲ್ಲಿ, ಐವತ್ತನಾಲ್ಕು ವರ್ಷಗಳ ತರುವಾಯ.

ಒಟ್ಟಿನಲ್ಲಿ ನೋಡಿದರೆ, ಈ ಹದಿನೈದು ವರ್ಷಗಳ ಯಶಸ್ಸು ಬರಿಗಾಲಿನ ಪವಾಡವೂ ಅಲ್ಲ, ಏಕವ್ಯಕ್ತಿಯ ಸೃಷ್ಟಿಯೂ ಅಲ್ಲ. ಕೆಲವು ನಗರಗಳ ದೀರ್ಘಕಾಲದ ಸಂಪ್ರದಾಯ, ಒಂದು ಘೋರವಾದ ಸೋಲನ್ನು ಪ್ರಾಮಾಣಿಕವಾಗಿ ಒಪ್ಪಿಕೊಂಡ ಧೈರ್ಯ, ಆ ಸೋಲಿನಿಂದ ಕಲಿಸಬಲ್ಲ ಉಪಾಧ್ಯಾಯ—ಈ ಮೂರೂ ಕೂಡಿದಾಗ ಅದು ಸಿದ್ಧಿಸಿತು. ಹೆಲ್ಸಿಂಕಿಯ ಸೋಲಿಗೆ ನೆಪ ಹುಡುಕಲಿಲ್ಲವಾದ್ದರಿಂದ ಮೆಲ್ಬೋರ್ನ್ ಸಾಧ್ಯವಾಯಿತು; ೧೯೫೦ರ ಗೈರುಹಾಜರಿಗೆ ನೆಪ ಸಿಕ್ಕಿದ್ದರಿಂದ ಅದರಿಂದ ಯಾರೂ ಏನನ್ನೂ ಕಲಿಯಲಿಲ್ಲ. ನಮ್ಮ ವಿದ್ಯಾರ್ಥಿಗಳು ಈ ಎರಡು ಪ್ರಸಂಗಗಳನ್ನು ಜೊತೆಜೊತೆಯಾಗಿ ಓದುವುದು ಒಳ್ಳೆಯದು. ಹಳೆಯ ದಂಡು ಪ್ರದೇಶದ ಬಡಾವಣೆಗಳಲ್ಲಿ ಆ ಕಾಲದ ಆಟಗಾರರ ಮನೆತನಗಳು ಇಂದಿಗೂ ಇವೆ. ಚಿತ್ರಪಟಗಳು, ಪತ್ರಗಳು, ಹಿರಿಯರ ನೆನಪುಗಳು ಅವರಲ್ಲಿವೆ. ಅವುಗಳನ್ನು ಕಲೆಹಾಕಿ ಕಾಪಾಡುವ ಕೆಲಸ ಕಾಲೇಜುಗಳ ಇತಿಹಾಸ ವಿಭಾಗಗಳಿಗೆ ಸೇರಿದ್ದು. ಅದನ್ನು ಮುಂದಕ್ಕೆ ಹಾಕಿದಷ್ಟೂ ಬರಿಯ ಕಥೆಗಳೇ ಉಳಿಯುತ್ತವೆ.