ಕಿಟ್ಟಿನಿಂದ ಇಂಡೆಂಟಿಗೆ: ಹೆರಿಗೆ ಸಾಮಗ್ರಿ ಮತ್ತು ವಿದೇಶಿ ನೆರವಿನ ಚರಿತ್ರೆ

2025ರ ಜನವರಿ 20ರಂದು ಅಮೆರಿಕ ತನ್ನ ವಿದೇಶಿ ನೆರವನ್ನು 90 ದಿನ ತಡೆಹಿಡಿಯಿತು; ಜುಲೈ 1ರ ಹೊತ್ತಿಗೆ ಆ ನೆರವನ್ನು ಹಂಚುತ್ತಿದ್ದ ಯುಎಸ್‌ಏಡ್ ಸಂಸ್ಥೆಯೇ ಮುಚ್ಚಿತು. ನಡುವೆ ಏಪ್ರಿಲ್‌ನಲ್ಲಿ ಬಂದ ವಿಶ್ವಸಂಸ್ಥೆಯ ವರದಿ, 2023ರಲ್ಲಿ ಸುಮಾರು 2,60,000 ತಾಯಂದಿರು ಸತ್ತ ಲೆಕ್ಕ ಕೊಟ್ಟು, ರಕ್ತಸ್ರಾವ ತಡೆಯುವ ಔಷಧಗಳ ಸರಬರಾಜು ಹಲವು ದೇಶಗಳಲ್ಲಿ ಕಡಿದುಬೀಳುತ್ತಿದೆ ಎಂದು ಎಚ್ಚರಿಸಿತು. ಹಾಸನ ಜಿಲ್ಲೆ ಚನ್ನರಾಯಪಟ್ಟಣ ತಾಲ್ಲೂಕಿನ ಬಾಗೂರು ಹೋಬಳಿಗೆ ಇದರ ಬಿಸಿ ತಟ್ಟೀತೆ? ನೇರವಾಗಿ ತಟ್ಟದು ಎಂಬುದು ನನ್ನ ಎಣಿಕೆ. ನಮ್ಮಲ್ಲಿ ನೆರವು ಕಂತುಕಂತಾಗಿ ಹಿಂದೆ ಸರಿದು ಬಹಳ ಕಾಲವಾಯಿತು.

ಹಾಗೆ ಸರಿಯುವ ರೂಢಿ ಹಳೆಯದು. ಮೈಸೂರು ಸಂಸ್ಥಾನದಲ್ಲಿ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮೊದಲು ಮಂಡ್ಯದಲ್ಲಿ, ಆಮೇಲೆ ಕ್ಲೋಸ್‌ಪೇಟೆಯಲ್ಲಿ (ಇಂದಿನ ರಾಮನಗರ) ಆರೋಗ್ಯ ಘಟಕಗಳು ನಡೆದವು. ವರ್ಷ ಕಳೆದಂತೆ ತನ್ನ ಪಾಲನ್ನು ಇಳಿಸಿ ಖರ್ಚನ್ನು ಸರ್ಕಾರದ ಹೆಗಲಿಗೆ ದಾಟಿಸುವುದು ಆ ಪ್ರತಿಷ್ಠಾನದ ರೂಢಿ. ಜಿಪುಣತನ ಎನ್ನಿ ಬೇಕಾದರೆ. ಹೊರಡುವ ದಿನವಂತೂ ಮೊದಲೇ ಗೊತ್ತಿರುತ್ತಿತ್ತು.

ಸಾಮಗ್ರಿಯ ದೃಷ್ಟಿಯಿಂದ ಹೆಚ್ಚು ಮುಖ್ಯವಾದದ್ದು, ವಿಶ್ವಬ್ಯಾಂಕ್ ಮತ್ತು ಯುನಿಸೆಫ್ ನೆರವಿನಿಂದ 1992ರಲ್ಲಿ ದೇಶದಾದ್ಯಂತ ಶುರುವಾದ ಶಿಶು ಉಳಿವು ಮತ್ತು ಸುರಕ್ಷಿತ ತಾಯ್ತನ ಕಾರ್ಯಕ್ರಮ. ಹಳ್ಳಿಗಳ ಆರೋಗ್ಯ ಉಪಕೇಂದ್ರಗಳಿಗೆ ‘ಎ’ ಮತ್ತು ‘ಬಿ’ ಔಷಧ ಕಿಟ್‌ಗಳು ಬಂದವು. ಮನೆ ಹೆರಿಗೆಗೆಂದು ಪುಟ್ಟ ಪೊಟ್ಟಣ ಬೇರೆ: ಸೋಪಿನ ತುಂಡು, ಹೊಸ ಬ್ಲೇಡು, ಹೊಕ್ಕುಳಬಳ್ಳಿ ಕಟ್ಟಲು ದಾರ, ಹಾಸಲು ಪ್ಲಾಸ್ಟಿಕ್ ಹಾಳೆ. ಸಿಕ್ಕ ಕುಡುಗೋಲಿನಲ್ಲೇ ಬಳ್ಳಿ ಕೊಯ್ಯುತ್ತಿದ್ದ ಕಡೆ ಪುಡಿಗಾಸಿನ ಆ ಬ್ಲೇಡು ಹಸುಗೂಸನ್ನು ಧನುರ್ವಾಯುವಿನಿಂದ ಕಾಯುತ್ತಿತ್ತು. ಕಿಟ್ಟಿಗೆ ಒಂದು ಕೊರತೆಯೂ ಇತ್ತು. ಮೇಲಿನಿಂದ ಕಟ್ಟಿಬಂದ ಪೆಟ್ಟಿಗೆ ಯಾವ ಊರಿಗೆ ಏನು ಬೇಕೆಂದು ಕೇಳುವುದಿಲ್ಲ. ಒಂದು ಮಾತ್ರೆ ಬೇಗ ಮುಗಿದರೆ ಇನ್ನೊಂದು ಅವಧಿ ಮೀರುವವರೆಗೆ ಕೂತಿರುತ್ತದೆ.

2003ರಲ್ಲಿ ಭಾರತವೇ ಸಣ್ಣ ದಾನಿ ದೇಶಗಳ ನೆರವು ಸಾಕೆಂದಿತು. 2005ರ ಗ್ರಾಮೀಣ ಆರೋಗ್ಯ ಅಭಿಯಾನ ಉಪಕೇಂದ್ರಕ್ಕೆ ಸ್ಥಳೀಯ ಅಗತ್ಯಕ್ಕೆ ತಕ್ಕಂತೆ ಖರ್ಚು ಮಾಡಬಹುದಾದ ಮುಕ್ತ ನಿಧಿಯಾಗಿ ವರ್ಷಕ್ಕೆ 10,000 ರೂಪಾಯಿ ಕೊಟ್ಟಿತು. ಸೊಳ್ಳೆ ಪರದೆ, ಜಮಖಾನ, ಮಗುವಿನ ಬಟ್ಟೆಗಳಿದ್ದ ‘ಮಡಿಲು’ ಕಿಟ್ 2007ರಲ್ಲಿ ಬಂದದ್ದು ರಾಜ್ಯದ ಯೋಜನೆಯಾಗಿಯೇ. ಗೇಟ್ಸ್ ಪ್ರತಿಷ್ಠಾನದ ಹಣದ ‘ಸುಕ್ಷೇಮ’ ಯೋಜನೆಗೆ (2009–14) ಉತ್ತರದ ಎಂಟು ಜಿಲ್ಲೆಗಳನ್ನು ಆರಿಸಿದ್ದರು; ಹಾಸನ ಅದರಲ್ಲಿ ಇರಲಿಲ್ಲ. ಆ ಯೋಜನೆಯ ಒತ್ತೂ ಸರಕಿನ ಮೇಲಲ್ಲ, ಹೆರಿಗೆ ಕೋಣೆಯ ನರ್ಸುಗಳ ಕೈ ಪಳಗಿಸುವುದರ ಮೇಲೆ. ನೆರವು ಕರಗುತ್ತ ಬಂದ ಈ ಅವಧಿಯಲ್ಲೇ ಕರ್ನಾಟಕದ ತಾಯಿ ಮರಣ ಪ್ರಮಾಣ ಲಕ್ಷ ಜೀವಂತ ಜನನಕ್ಕೆ 228ರಿಂದ (2001–03) 69ಕ್ಕೆ (2018–20) ಇಳಿಯಿತು.

ಹಾಗಾಗಿ ಇಂದು ಬಾಗೂರಿನ ನರ್ಸಮ್ಮ ಬರೆಯುವ ಇಂಡೆಂಟಿನ (ಬೇಕಾದ ಸಾಮಗ್ರಿಯ ಬೇಡಿಕೆ ಪಟ್ಟಿಯ) ಹಣೆಬರಹ ವಾಷಿಂಗ್ಟನ್ನಿನಲ್ಲಿಲ್ಲ, ಬೆಂಗಳೂರಿನ ಟೆಂಡರಿನಲ್ಲಿದೆ. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆಗಿದ್ದ ಐವರು ಬಾಣಂತಿಯರು ತೀರಿಕೊಂಡಾಗ ಅನುಮಾನ ಹರಿದದ್ದು ರಾಜ್ಯ ವೈದ್ಯಕೀಯ ಸರಬರಾಜು ನಿಗಮ ಕೊಂಡಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ. ಆ ದ್ರಾವಣ ತಯಾರಿಸಿದ ಕಂಪನಿಯ ಕೆಲವು ಬ್ಯಾಚುಗಳನ್ನು ರಾಜ್ಯದ ಪ್ರಯೋಗಾಲಯ ಕಳಪೆ ಎಂದಿತ್ತು. ಕೇಂದ್ರದ ಪ್ರಯೋಗಾಲಯ ಸರಿಯಿದೆ ಎಂದಿತ್ತು.