ರನ್‌ವೇ ಕಾಯುವವರು

ಏರೋ ಇಂಡಿಯಾ ಬಂತೆಂದರೆ ಯಲಹಂಕದ ಸುತ್ತಮುತ್ತ ಬೈಕು ನಿಲ್ಲಿಸಿಕೊಂಡು ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡುವವರಲ್ಲಿ ನಾನೂ ಒಬ್ಬ. ಕಿವಿಗಡಚಿಕ್ಕುವ ಸದ್ದು, ಪಲ್ಟಿ ಹೊಡೆಯುವ ವಿಮಾನ... ಯುದ್ಧವಿಮಾನ ಅಂದರೆ ಶತ್ರುವಿನ ಮೇಲೆ ಎರಗಿ ಬರುವುದು ಅಂತಲೇ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಆದರೆ ಒಂದು ವಾಯುನೆಲೆಯ ಫೈಟರ್ ವಿಂಗ್‌ಗೆ ಅದಕ್ಕೂ ಮೊದಲಿನ ಕೆಲಸವೊಂದಿದೆ. ತನ್ನ ಮನೆಯನ್ನು ತಾನು ಕಾಯುವುದು!

ವಿಂಗ್ ಅಂದರೆ ಬರೀ ಪೈಲಟ್‌ಗಳಲ್ಲ. ಒಂದೆರಡು ಸ್ಕ್ವಾಡ್ರನ್ ವಿಮಾನಗಳು, ಅವುಗಳ ಎಂಜಿನ್ ನೋಡುವವರು, ಇಂಧನ ಮತ್ತು ಮದ್ದುಗುಂಡು ತುಂಬುವವರು, ಕಾವಲಿನವರು, ಎಲ್ಲರೂ ಸೇರಿದ ಒಂದು ಊರೇ ಅದು. ಆಕಾಶದಲ್ಲಿ ಹುಲಿಯಂತಿರುವ ವಿಮಾನ ನೆಲದ ಮೇಲೆ ನಿಂತಾಗ ಬರೀ ತಗಡಿನ ಡಬ್ಬಿ. ಹಾಗಾಗಿ ಯುದ್ಧಕಾಲದಲ್ಲಿ ರನ್‌ವೇ ತುದಿಯಲ್ಲಿ ಒಂದು ಜೋಡಿ ವಿಮಾನ ಸದಾ ಸಿದ್ಧ. ಪೈಲಟ್‌ಗಳು ಸೀಟಿನ ಪಟ್ಟಿ ಬಿಗಿದುಕೊಂಡು ಒಳಗೇ ಕೂತಿರುತ್ತಾರೆ. ಅಪಾಯ ಹತ್ತಿರವಿದ್ದರೆ ಇನ್ನೊಂದು ಜೋಡಿ ಮೇಲೆಯೇ ಗಸ್ತು ತಿರುಗುತ್ತದೆ.

ಈ ಗಸ್ತು ಇದ್ದರೆ ಏನು, ಇಲ್ಲದಿದ್ದರೆ ಏನು? ಉತ್ತರ ಒಂದೇ ಸಂಜೆಯಲ್ಲಿ ಸಿಕ್ಕಿತ್ತು.

1965ರ ಸೆಪ್ಟೆಂಬರ್ 6. ಬೆಳಿಗ್ಗೆ ನಮ್ಮ ಸೇನೆ ಗಡಿ ದಾಟಿ ಲಾಹೋರಿನ ಕಡೆ ನುಗ್ಗಿತ್ತು. ಪಾಕಿಸ್ತಾನದ ವಾಯುಪಡೆ ಸುಮ್ಮನಿರುವುದಿಲ್ಲ ಅನ್ನುವುದು ಯಾರಿಗಾದರೂ ಗೊತ್ತಾಗುವ ಮಾತು. ಸಂಜೆ ಪೇಶಾವರದಿಂದ ಹೊರಟ ಎಂಟು ಸೇಬರ್ ವಿಮಾನಗಳು ಪಂಜಾಬಿನ ಪಠಾಣ್‌ಕೋಟ್ ನೆಲೆಯ ಮೇಲೆ ಎರಗಿದವು. ಮೇಲೆ ಗಸ್ತಿರಲಿಲ್ಲ. ನಮ್ಮ ವಿಮಾನಗಳು ಬಯಲಲ್ಲೇ ನಿಂತಿದ್ದವು. ಕೆಲವೇ ನಿಮಿಷಗಳಲ್ಲಿ ಸುಮಾರು ಹತ್ತು ವಿಮಾನ ನೆಲದ ಮೇಲೆಯೇ ಸುಟ್ಟುಹೋದವು. ಆಗಷ್ಟೇ ನಮ್ಮ ಕೈಸೇರಿದ್ದ ಹೊಚ್ಚಹೊಸ ಮಿಗ್-21ಗಳಲ್ಲಿ ಎರಡು ಅಲ್ಲೇ ಬೂದಿಯಾದವು. ಎದುರಾಳಿ ಒಂದೂ ವಿಮಾನ ಕಳೆದುಕೊಳ್ಳಲಿಲ್ಲ.

ಅದೇ ಸಂಜೆ ಅದೇ ಪಂಜಾಬಿನ ಹಲ್ವಾರಾ ನೆಲೆಗೆ ಮೂರು ಸೇಬರ್‌ಗಳು ಬಂದವು. ಇಲ್ಲಿ ಹಂಟರ್ ವಿಮಾನಗಳು ಗಸ್ತಿನಲ್ಲಿದ್ದವು. ನೆಲೆಯ ನೆತ್ತಿಯ ಮೇಲೆಯೇ ಕಾಳಗ! ನಮ್ಮ ಎರಡು ಹಂಟರ್‌ಗಳು ಬಿದ್ದವು. ಅವುಗಳ ಪೈಲಟ್‌ಗಳಾದ ಪಿಂಗಳೆ ಮತ್ತು ಗಾಂಧಿ ಪ್ಯಾರಾಚೂಟಿನಲ್ಲಿ ಇಳಿದು ಬದುಕಿಕೊಂಡರು. ಆದರೆ ಬಂದ ಮೂರು ಸೇಬರ್‌ಗಳಲ್ಲಿ ವಾಪಸು ಹೋದದ್ದು ಒಂದೇ. ಅವರ ಹೆಸರಾಂತ ಪೈಲಟ್ ರಫೀಕಿ ಕೂಡ ಅಲ್ಲೇ ಸತ್ತ. ಪಠಾಣ್‌ಕೋಟಿನಂಥ ಅನಾಹುತ ಹಲ್ವಾರಾದಲ್ಲಿ ಆಗಲಿಲ್ಲ.

ಲೆಕ್ಕ ನೋಡಿ. ಹಲ್ವಾರಾದಲ್ಲಿ ನಾವು ಎರಡು ವಿಮಾನ ಕಳೆದುಕೊಂಡೆವು, ಆದರೂ ಗೆದ್ದೆವು. ಯಾಕೆಂದರೆ ಕಾವಲಿನ ಕೆಲಸ ಎಷ್ಟು ಹೊಡೆದೆವು ಅನ್ನುವುದರಲ್ಲಿಲ್ಲ, ಏನನ್ನು ಉಳಿಸಿಕೊಂಡೆವು ಅನ್ನುವುದರಲ್ಲಿದೆ.

ಪಾಠ ದುಬಾರಿಯಾಗಿತ್ತು, ಆದರೆ ಕಲಿತೆವು. ಯುದ್ಧ ಮುಗಿದ ಮೇಲೆ ಗಡಿಯ ನೆಲೆಗಳಲ್ಲಿ ವಿಮಾನಗಳಿಗೆ ಕಾಂಕ್ರೀಟ್ ಗೂಡುಗಳು ಎದ್ದವು. 1971ರ ಡಿಸೆಂಬರ್ 3ರ ಸಂಜೆ ಪಾಕಿಸ್ತಾನ ಮತ್ತೆ ಪಠಾಣ್‌ಕೋಟ್, ಅಮೃತಸರ, ಶ್ರೀನಗರ ಸೇರಿ ಹಲವು ನೆಲೆಗಳ ಮೇಲೆ ದಿಢೀರ್ ದಾಳಿ ಮಾಡಿದಾಗ, ಹೇಳಿಕೊಳ್ಳುವಂಥ ಹಾನಿಯೇ ಆಗಲಿಲ್ಲ.

ಶ್ರೀನಗರದ್ದು ಮಾತ್ರ ಬೇರೆಯೇ ಕಥೆ. 1948ರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಅಲ್ಲಿ ಕಾವಲಿನ ಫೈಟರ್‌ಗಳನ್ನು ಇಡುವಂತಿರಲಿಲ್ಲ. ಯುದ್ಧ ಶುರುವಾದ ಮೇಲಷ್ಟೇ 18ನೇ ಸ್ಕ್ವಾಡ್ರನ್ನಿನ ನ್ಯಾಟ್‌ಗಳು ಹೋದವು. ನಮ್ಮ ಬೆಂಗಳೂರಿನ ಎಚ್.ಎ.ಎಲ್.ನಲ್ಲಿ ತಯಾರಾಗುತ್ತಿದ್ದ ಪುಟಾಣಿ ವಿಮಾನ ಈ ನ್ಯಾಟ್. ಪೈಲಟ್‌ಗಳಿಗೆ ಆ ಬೆಟ್ಟ ಹೊಸದು, ಆ ಚಳಿ ಹೊಸದು.

ಡಿಸೆಂಬರ್ 14ರ ಬೆಳಿಗ್ಗೆ ಆರು ಸೇಬರ್‌ಗಳು ಬಂದವು. ಸಿದ್ಧವಾಗಿದ್ದ ಜೋಡಿಯಲ್ಲಿ ಘುಮ್ಮನ್ ಮೊದಲು ಹಾರಿದರು. ಹಿಂದೆ ಫ್ಲೈಯಿಂಗ್ ಆಫೀಸರ್ ನಿರ್ಮಲ್‌ಜಿತ್ ಸಿಂಗ್ ಸೇಖೋಂ. ರನ್‌ವೇ ಮೇಲೆ ಬಾಂಬು ಬೀಳುತ್ತಿದ್ದಾಗಲೇ, ಧೂಳಿನ ನಡುವೆ ಅವರು ಮೇಲೆದ್ದರು. ಘುಮ್ಮನ್‌ಗೂ ಅವರಿಗೂ ಸಂಪರ್ಕ ತಪ್ಪಿತು. ಒಬ್ಬರೇ ಆ ಸೇಬರ್‌ಗಳ ಬೆನ್ನುಬಿದ್ದು ಎರಡಕ್ಕೆ ಗುಂಡು ತಗುಲಿಸಿದರು. ಕೊನೆಗೆ ಸಂಖ್ಯೆಯೇ ಮೇಲಾಯಿತು. ಅವರ ನ್ಯಾಟ್ ಬೆಟ್ಟದ ಸಂದಿಯಲ್ಲಿ ಬಿತ್ತು. ದೇಹ ಸಿಗಲೇ ಇಲ್ಲ. ವಾಯುಪಡೆಗೆ ಈವರೆಗೆ ಬಂದಿರುವ ಒಂದೇ ಒಂದು ಪರಮವೀರ ಚಕ್ರ ಅವರದು.

ಸೇಖೋಂ ಅವತ್ತು ಯಾವ ಶತ್ರು ನಗರದ ಮೇಲೂ ದಾಳಿಗೆ ಹೊರಟವರಲ್ಲ. ತಾವು ನಿಂತ ನೆಲ ಕಾಯಲು ಎದ್ದವರು.

ಕಾಶ್ಮೀರ ಪ್ರವಾಸಕ್ಕೆ ಹೋಗುವ ನಮ್ಮ ಜನರ ವಿಮಾನಗಳು ಇಳಿಯುವುದು ಅದೇ ನೆಲೆಯಲ್ಲಿ. ನೀವು ಯಾವಾಗಲಾದರೂ ಹೋದರೆ, ದಾಲ್ ಸರೋವರದ ಆತುರದಲ್ಲಿ ಬ್ಯಾಗು ಎಳೆದುಕೊಂಡು ಹೊರಡುವ ಮುನ್ನ ಒಂದು ಸಲ ಹಿಂದಿರುಗಿ ಆ ರನ್‌ವೇ ನೋಡಿ. ಅಷ್ಟು ಸಾಕು.