ಗಾನತಟ್ಟೆಗಳೂ ರಸಿಕರ ವಾದಗಳೂ

ಇತಿಹಾಸವೆಂದೊಡನೆಯೇ ನಮ್ಮ ಮನಸ್ಸು ಶಿಲಾಶಾಸನ, ತಾಮ್ರಪಟ, ತಾಳೆಯ ಗರಿಗಳ ಕಡೆಗೆ ಹರಿಯುವದು ಸಹಜವು. ನಮ್ಮ ನೆರೆಯ ರಾಯಚೂರು ಜಿಲ್ಲೆಯ ಮಸ್ಕಿಯ ಬಂಡೆಯು ಎರಡು ಸಾವಿರ ವರ್ಷಗಳಿಗೂ ಮಿಕ್ಕು ಬಿಸಿಲು ಮಳೆಗಳಲ್ಲಿ ಮೌನವಾಗಿ ನಿಂತಿದ್ದಿತು. 1915ರಲ್ಲಿ ಚಿನ್ನದ ಗಣಿಗಳನ್ನು ಅರಸುತ್ತ ಬಂದ ಬೀಡನ್ ಎಂಬ ಇಂಜಿನಿಯರನು ಅದರ ಮೇಲಿನ ಅಕ್ಷರಗಳನ್ನು ಕಂಡನು. ಶಾಸನಗಳ 'ದೇವಾನಾಂಪ್ರಿಯ'ನು ಯಾರೆಂದು ಬಹುಕಾಲದಿಂದ ಚರ್ಚಿಸುತ್ತಿದ್ದ ವಿದ್ವಾಂಸರಿಗೆ, ಅವನು ಅಶೋಕನೇ ಎಂಬುದಕ್ಕೆ ಅಲ್ಲಿ ಪ್ರತ್ಯಕ್ಷ ಪ್ರಮಾಣವು ದೊರೆಯಿತು. ಬಂಡೆಯಲ್ಲಿ ಅಕ್ಷರಗಳು ಮೊದಲಿನಿಂದಲೂ ಇದ್ದವು. ಇಲ್ಲದಿದ್ದವರು ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಬರುವವರು. ಪ್ರಮಾಣವು ತಾನಾಗಿ ಮಾತನಾಡುವದಿಲ್ಲ. ವಾದಿಯು ಬಂದು ಕೇಳಿದಾಗ ಮಾತ್ರ ಉತ್ತರ ಕೊಡುವದು. ಈ ಮಾತನ್ನು ಶಿಲೆಗಿಂತ ಬಹಳ ಅಲ್ಪಾಯುಷಿಯಾದ ಇನ್ನೊಂದು ಪ್ರಮಾಣಕ್ಕೆ ಅನ್ವಯಿಸಿ ನೋಡುವದೇ ಈ ಲೇಖನದ ಉದ್ದೇಶವು. ಅದು ನಮ್ಮ ಸೀಮೆಯ ಜನರು 'ಪ್ಲೇಟು' ಎಂದು ಕರೆಯುತ್ತಿದ್ದ ಗ್ರಾಮಫೋನಿನ ಗಾನತಟ್ಟೆ.

ಗಾಯನವು ಹುಟ್ಟಿದೊಡನೆಯೇ ಅಳಿಯುವ ವಿದ್ಯೆ. ತಾನಸೇನನ ಕಂಠವು ಹೇಗಿದ್ದಿತೆಂದು ಹೇಳಬಲ್ಲವರು ಲೋಕದಲ್ಲಿ ಯಾರೂ ಇಲ್ಲ. 1877ರಲ್ಲಿ ಅಮೇರಿಕೆಯ ಎಡಿಸನ್ನನು ಧ್ವನಿಯನ್ನು ಕೊಳವೆಯ ಮೇಲೆ ಹಿಡಿದಿಟ್ಟನು; ಹತ್ತು ವರ್ಷಗಳ ತರುವಾಯ ಬರ್ಲಿನರನು ಕೊಳವೆಯ ಬದಲಾಗಿ ಚಪ್ಪಟೆಯಾದ ತಟ್ಟೆಯನ್ನು ಬಳಕೆಗೆ ತಂದನು. 1902ರ ನವೆಂಬರದಲ್ಲಿ ಗ್ರಾಮಫೋನ್ ಕಂಪನಿಯ ಗೈಸ್‌ಬರ್ಗ್ ಎಂಬವನು ಕಲಕತ್ತೆಗೆ ಬಂದು ಗೌಹರ್ ಜಾನ್ ಎಂಬ ಪ್ರಸಿದ್ಧ ಗಾಯಕಿಯ ಹಾಡುಗಳನ್ನು ಮುದ್ರಿಸಿಕೊಂಡನು. ಆ ವಿದುಷಿಯು ಹಾಡಿನ ಕೊನೆಯಲ್ಲಿ ತನ್ನ ಹೆಸರನ್ನು ಇಂಗ್ಲೀಷಿನಲ್ಲಿ ಉಚ್ಚ ಸ್ವರದಿಂದ ಹೇಳುತ್ತಿದ್ದಳು. ಮೂಲಮುದ್ರೆಗಳು ಜರ್ಮನಿಯ ಹ್ಯಾನೋವರ ನಗರಕ್ಕೆ ಹೋಗಿ ಅಲ್ಲಿ ತಟ್ಟೆಗಳಾಗಬೇಕಾಗಿದ್ದವು; ನಮ್ಮ ಭಾಷೆಯನ್ನರಿಯದ ಅಲ್ಲಿಯ ಕೆಲಸಗಾರರಿಗೆ ಹಾಡಿದವರು ಯಾರೆಂದು ತಿಳಿಯಬೇಕಲ್ಲವೆ? ಇದೇ ಗೌಹರ್ ಜಾನಳು 1928ರಲ್ಲಿ ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನವನ್ನು ಸೇರಿ, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ದೇಹವಿಟ್ಟಳು. ಭಾರತದ ಗಾನತಟ್ಟೆಯ ಆದಿಯು ಹೀಗೆ ಕನ್ನಡದ ನೆಲದಲ್ಲಿ ಬಂದು ವಿಶ್ರಮಿಸಿತು.

1908ರಲ್ಲಿ ಕಲಕತ್ತೆಯಲ್ಲಿಯೇ ಕಾರ್ಖಾನೆಯಾದ ಬಳಿಕ ತಟ್ಟೆಗಳು ಸುಲಭವಾದವು. ಅರಗಿನಲ್ಲಿ ಕಲ್ಲಿನ ಹುಡಿಯನ್ನು ಕಲಸಿ ಅಚ್ಚೊತ್ತಿದ ಹತ್ತು ಅಂಗುಲದ ಕರಿಯ ಬಿಲ್ಲೆ. ನಿಮಿಷಕ್ಕೆ ಸುಮಾರು 78 ಸುತ್ತು. ಒಂದು ಮುಖಕ್ಕೆ ಮೂರು ಮೂರೂವರೆ ನಿಮಿಷದ ಗಾಯನ. ಕೈಜಾರಿದರೆ ಹಂಚಿನಂತೆ ಒಡೆಯುವದು. 1925ರ ಸುಮಾರಿಗೆ ವಿದ್ಯುತ್ತಿನ ಮೈಕು ಬರುವವರೆಗೆ ಗಾಯಕರು ದೊಡ್ಡದೊಂದು ಕಹಳೆಯ ಬಾಯೊಳಗೆ ಮೋರೆಯಿಟ್ಟು ಹಾಡಬೇಕಾಗಿದ್ದಿತು.

ಇಂಥ ಅಲ್ಪವಸ್ತುವು ನಮ್ಮ ನಾಡಿನಲ್ಲಿ ಮಾಡಿದ ಕಾರ್ಯವು ಅಲ್ಪವಲ್ಲ. ಧಾರವಾಡದಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ಲರು ಬಾಲ್ಯದಲ್ಲಿ ಗ್ರಾಮಫೋನಿನ ಸದ್ದು ಕೇಳಿಬಂದೊಡನೆ ಬೀದಿಗೆ ಓಡಿಬಂದು, ಕೇಳಿದ್ದನ್ನು ಅನುಕರಿಸಲು ಯತ್ನಿಸುತ್ತಿದ್ದುದನ್ನು ತಾವೇ ಹೇಳಿಕೊಂಡಿದ್ದಾರೆ. 1932ರಲ್ಲಿ ಮುಂಬಯಿಯಲ್ಲಿ ಅವರವೇ ತಟ್ಟೆಗಳಾದವು. ಅವುಗಳ ಮೇಲೆ 'ಗಾಂಧಾರಿ' ಎಂಬ ಹೆಸರು ಅಚ್ಚಾಗಿದ್ದಿತು. ಕಿರಾನಾ ಪರಂಪರೆಯ ಅಬ್ದುಲ್ ಕರೀಮ್ ಖಾನರು ಝಿಂಝೋಟಿಯಲ್ಲಿ ಹಾಡಿದ ಠುಮರಿಯ ತಟ್ಟೆಯನ್ನು ಅಂಗಡಿಯೊಂದರಲ್ಲಿ ಕೇಳಿದ ಹುಡುಗನೊಬ್ಬನು, ಹಾಗೆ ಹಾಡಲು ಕಲಿಯಬೇಕೆಂಬ ಹಟದಿಂದ 1933ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಮನೆ ಬಿಟ್ಟು ಹೋದನು. ಆ ಹುಡುಗನೇ ಭೀಮಸೇನ ಜೋಶಿ. ಬೀಳಗಿಯ ಅಮೀರಬಾಯಿ ಕರ್ನಾಟಕಿ, ಮನಸೂರಿನ ಮಲ್ಲಿಕಾರ್ಜುನ, ರಾಯಚೂರು ಸೀಮೆಯ ಸಿದ್ಧರಾಮ ಜಂಬಲದಿನ್ನಿ ಮುಂತಾದವರ ಕಂಠವು ರೇಡಿಯೋವಿಲ್ಲದ ಊರುಗಳಿಗೂ ಹೋದುದು ಈ ಸಾಧನಗಳಿಂದಲೇ. ಧಾರವಾಡದ ಆಕಾಶವಾಣಿಯು 1950ರಲ್ಲಿ, ಕಲಬುರ್ಗಿಯದು 1966ರಲ್ಲಿ ಆರಂಭವಾದವೆಂಬುದನ್ನು ನೆನೆದರೆ ಇದರ ಬೆಲೆಯು ತಿಳಿಯುವದು.

ಇನ್ನು ನಮ್ಮ ಸೈದಾಪುರದ ಸಂಗತಿ. ಮುಂಬಯಿ-ಮದ್ರಾಸು ರೇಲ್ವೆಯ ಹಳಿಗಳು 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ವಾಡಿಯಿಂದ ರಾಯಚೂರಿಗೆ ಹೋಗುವ ಆ ದಾರಿಯ ಮೇಲೆಯೇ ನಮ್ಮೂರು ಇರುವದು. ನಿಜಾಮರ ಸಂಸ್ಥಾನದ ಮೂಲೆಯಾಗಿದ್ದ ಈ ಊರಿಗೆ ದೊಡ್ಡ ಗವಾಯಿಗಳು ಬಂದು ಬೈಠಕು ನಡೆಯಿಸುವ ಸಂಭವವಿರಲಿಲ್ಲ. ಆದರೆ ಶೇಂಗಾ, ತೊಗರಿ, ಹತ್ತಿಗಳ ಚೀಲಗಳನ್ನು ಕಳಿಸಿ ಹಣ ತರಲು ರಾಯಚೂರು ಸೊಲ್ಲಾಪುರಗಳಿಗೆ ಹೋಗುತ್ತಿದ್ದ ವರ್ತಕರು, ಬರುವಾಗ ಬಟ್ಟೆಯ ಗಂಟಿನ ನಡುವೆ ಪ್ಲೇಟುಗಳನ್ನಿಟ್ಟುಕೊಂಡು ಬರುತ್ತಿದ್ದರು. ಅಂಥವರಲ್ಲೊಬ್ಬರ ಮನೆಯ ಪಡಸಾಲೆಯಲ್ಲಿ 1970ರ ದಶಕದಲ್ಲಿ, ಪಾಠಶಾಲೆಯ ರಜೆಗೆ ಊರಿಗೆ ಬಂದಾಗಲೆಲ್ಲ ನಾನು ಕೀಲಿ ತಿರುಗಿಸುವ ಸೇವೆಯನ್ನು ಮಾಡಿದ್ದೇನೆ. ತಂದೆಯ ಕಾಲದಿಂದ ಕೂಡಿಬಂದ ಮುನ್ನೂರಕ್ಕೂ ಮಿಕ್ಕಿದ ತಟ್ಟೆಗಳು ಆ ಸಾಹುಕಾರರಲ್ಲಿದ್ದವು. ಪ್ರತಿಯೊಂದರ ಲಕೋಟೆಯ ಮೇಲೆ ಒಂದು ಅಂಕೆ. ಆ ಅಂಕೆಯ ಕೆಳಗೆ ಕೊಂಡ ಊರು, ವರ್ಷ, ಬೆಲೆಗಳನ್ನು ಅವರು ಒಂದು ಖಾತೆಯ ವಹಿಯಲ್ಲಿ ಬರೆದಿಡುತ್ತಿದ್ದರು. ಅದೇ ವಹಿಯಲ್ಲಿ ಇನ್ನೊಂದು ಕಾಲಮು ಇದ್ದಿತು. ಆ ತಟ್ಟೆಯ ಕುರಿತು ಯಾರು ಏನೆಂದು ವಾದಿಸಿದರು, ವಾದವು ಹೇಗೆ ಮುಗಿಯಿತು ಎಂಬುದು ಅದರಲ್ಲಿರುತ್ತಿದ್ದಿತು.

ನ್ಯಾಯಸೂತ್ರಕಾರನಾದ ಗೌತಮನು ಕಥೆಯನ್ನು, ಅಂದರೆ ಚರ್ಚೆಯನ್ನು, ಮೂರು ಬಗೆಯಾಗಿ ಹೇಳಿದ್ದಾನೆ. ತತ್ತ್ವನಿರ್ಣಯಕ್ಕಾಗಿ ನಡೆಯುವದು ವಾದ. ಗೆಲವಿಗಾಗಿ ನಡೆಯುವದು ಜಲ್ಪ. ತನ್ನದೊಂದು ಪಕ್ಷವಿಲ್ಲದೆ ಪರರದನ್ನು ಖಂಡಿಸುವದಷ್ಟೇ ವಿತಂಡೆ. ಆ ಪಡಸಾಲೆಯಲ್ಲಿ ಈ ಮೂರನ್ನೂ ನಾನು ಕಂಡೆನು.

ವಾದಕ್ಕೆ ಒಂದು ಉದಾಹರಣೆ. ಖಾನಸಾಹೇಬರು 1905ರ ಸುಮಾರಿಗೆ ಹಾಡಿದ ಒಂದು ಹಳೆಯ ತಟ್ಟೆಯನ್ನು ಹಚ್ಚಿದಾಗ, ಧ್ವನಿಯು ಅವರ 1930ರ ದಶಕದ ತಟ್ಟೆಗಳಿಗಿಂತ ಬಹು ಸಣ್ಣದಾಗಿ, ತಾನುಗಳು ಅತಿವೇಗವಾಗಿ ಕೇಳಿಬಂದವು. ಇದು ಖಾನಸಾಹೇಬರದಲ್ಲವೆಂದು ಒಬ್ಬರು. ತಾರುಣ್ಯದ ಕಂಠವು ಹಾಗೆಯೇ ಇರುವದೆಂದು ಅವರ ಭಾವಮೈದುನರು. ಆರು ತಿಂಗಳು ಅವರಿಬ್ಬರಿಗೆ ಮಾತಿರಲಿಲ್ಲ. ಕಡೆಗೆ ಸಾಹುಕಾರರು ಯಂತ್ರದ ವೇಗದ ಕಡ್ಡಿಯನ್ನು ಹಿಂದೆ ಸರಿಸಿ, ಹಾರ್ಮೋನಿಯಮ್ಮಿನ ಸ್ವರಕ್ಕೆ ಹೊಂದಿಸಿ, ಮತ್ತೆ ಕೇಳಿಸಿದರು. ಆರಂಭಕಾಲದ ತಟ್ಟೆಗಳನ್ನೆಲ್ಲ ಒಂದೇ ವೇಗದಲ್ಲಿ ಮುದ್ರಿಸಿರಲಿಲ್ಲವೆಂಬುದು ಅಲ್ಲಿದ್ದವರಿಗೆ ಆಗ ತಿಳಿಯಿತು. ಧ್ವನಿಯು ತಕ್ಕಮಟ್ಟಿಗೆ ಇಳಿಯಿತು, ಗುರುತೂ ಸಿಕ್ಕಿತು. ಆದರೂ ತಾನುಗಳ ಚುರುಕು ಉಳಿದೇ ಉಳಿಯಿತು. ಇಬ್ಬರೂ ಅರ್ಧ ಸರಿ, ಅರ್ಧ ತಪ್ಪು. ವಹಿಯಲ್ಲಿ ಈ ನಿರ್ಣಯವು ಇಂದಿಗೂ ಇದೆ.

ಎರಡನೆಯ ವಾದವು ಲಾಂಗ್ ಪ್ಲೇ ತಟ್ಟೆಗಳು ಬಂದಾಗ ಹುಟ್ಟಿತು. 1948ರಲ್ಲಿ ಅಮೇರಿಕೆಯಲ್ಲಿ ಬಳಕೆಗೆ ಬಂದ ಈ ತಟ್ಟೆಯು ಒಂದು ಮುಖಕ್ಕೆ ಇಪ್ಪತ್ತು ನಿಮಿಷಗಳನ್ನು ಮೀರಿ ಹಾಡುವದು. ರಾಗದ ವಿಸ್ತಾರಕ್ಕೆ ಈಗಲೇ ನ್ಯಾಯ ದೊರೆಯಿತೆಂದು ತರುಣರು ಹಿಗ್ಗಿದರು. ವೃದ್ಧರೊಬ್ಬರು, ಮೂರು ನಿಮಿಷದ ತಟ್ಟೆಯು ಸೂತ್ರ, ಇದು ಭಾಷ್ಯ. ಸೂತ್ರವನ್ನು ಬರೆಯಬಲ್ಲವನೇ ಋಷಿ ಎಂದರು. ನನಗೆ ಎರಡೂ ಬೇಕೆನಿಸುತ್ತದೆ. ಭಾಷ್ಯವಿಲ್ಲದ ಸೂತ್ರವು ಒಗಟು. ಸೂತ್ರವಿಲ್ಲದ ಭಾಷ್ಯಕ್ಕೆ ನಿಲ್ಲಲು ನೆಲೆಯಿಲ್ಲ.

ಮೂರನೆಯದು ಅತ್ಯಂತ ಕಟುವಾದುದು. ಖಾನಸಾಹೇಬರ ಶಿಷ್ಯರು ಕುಂದಗೋಳದ ಸವಾಯಿ ಗಂಧರ್ವರು. ಅವರ ಶಿಷ್ಯರು ಭೀಮಸೇನರು. ಭೀಮಸೇನರ ಗಾಯನದಲ್ಲಿ ಹಳೆಯ ನೆರಳು ಕಂಡರೆ 'ಅನುಕರಣ'ವೆಂದು ಒಬ್ಬರು ಹಳಿಯುವರು. ಗಂಭೀರವಾದ ಗಮಕದ ತಾನು ಕೇಳಿಬಂದರೆ 'ಇದು ಕಿರಾನೆಯಲ್ಲ' ಎಂದು ಅವರೇ ಹಳಿಯುವರು. ಹೀಗೆ ಎತ್ತ ತಿರುಗಿದರೂ ತಪ್ಪೆನ್ನುವದೇ ವಿತಂಡೆ. ಗುರುವಿನ ನಡೆಯನ್ನು ಕುಣಿದು ತೋರುವದು ಅನುಕರಣ; ಗುರು ನಡೆದ ದಾರಿಯಲ್ಲಿ ತನ್ನ ಕಾಲಿನಿಂದ ನಡೆಯುವದು ಅನುಸರಣ. ಇವೆರಡರ ಭೇದವನ್ನರಿಯದೆ ಪರಂಪರೆಯ ವಿಚಾರವು ಸಾಗದು.

ಈ ಜಗಳವು ನಮ್ಮೂರಿನದೇ ಎಂದು ನಾನು ಬಹುಕಾಲ ಭಾವಿಸಿದ್ದೆನು. ಕೆಲವು ವರ್ಷಗಳ ಹಿಂದೆ ಬೆಂಗಳೂರಿನಲ್ಲಿರುವ ನನ್ನ ಸೋದರಳಿಯನ ಮನೆಗೆ ಹೋದಾಗ ಆ ಭ್ರಮೆಯು ಅಳಿಯಿತು. ಅವನು ಇಂಗ್ಲೆಂಡಿನ ರಾಕ್ ಸಂಗೀತದ ತಟ್ಟೆಗಳ ಸಂಗ್ರಾಹಕನು. ಆ ದೇಶದಲ್ಲಿ 1970ರ ಸುಮಾರಿಗೆ ಪ್ರೊಗ್ರೆಸಿವ್ ರಾಕ್ ಎಂಬ ಮಾರ್ಗವು ಬೆಳೆಯಿತಂತೆ. 1972ರಲ್ಲಿ ಜೆನೆಸಿಸ್ ಎಂಬ ತಂಡವು ಇಪ್ಪತ್ತೆರಡು ನಿಮಿಷಗಳಿಗೂ ಮಿಕ್ಕಿದ ಒಂದೇ ಹಾಡಿನಿಂದ ತಟ್ಟೆಯ ಮುಖವನ್ನು ಬಹುಪಾಲು ತುಂಬಿತು. 1983ರಲ್ಲಿ ಮರಿಲಿಯನ್, ಐಕ್ಯೂ ಮೊದಲಾದ ಕಿರಿಯರ ತಂಡಗಳು ಆ ಮಾರ್ಗವನ್ನು ಪುನಃ ಹಿಡಿದು ತಟ್ಟೆಗಳನ್ನು ಹೊರಡಿಸಿದಾಗ, ಅವುಗಳಿಗೆ ನಿಯೋ-ಪ್ರೊಗ್ರೆಸಿವ್, ಅಂದರೆ ನವ್ಯ-ಪ್ರಗತಿಶೀಲ, ಎಂಬ ಹೆಸರು ಬಂದಿತು. ಇವರು ಜೆನೆಸಿಸ್ಸಿನ ಛಾಯೆಯೋ, ಸ್ವತಂತ್ರರೋ ಎಂದು ಅಂದಿನಿಂದ ಇಂದಿನವರೆಗೆ ರಸಿಕರು ಕಾದಾಡುತ್ತಲೇ ಇದ್ದಾರೆ. ಹುಡುಗನು ಎರಡೂ ಕಾಲದ ತಟ್ಟೆಗಳನ್ನು ಒಂದರ ಬಳಿಕ ಒಂದರಂತೆ ನನಗೆ ಕೇಳಿಸಿ, "ಮಾವಾ, ನೀವೇ ಹೇಳಿ" ಎಂದನು. ಆ ಸಂಗೀತದಲ್ಲಿ ನನಗೆ ಗತಿಯಿಲ್ಲ. ಆದರೆ ಪೂರ್ವಪಕ್ಷವು ನನಗೆ ಚೆನ್ನಾಗಿ ಪರಿಚಿತವಾಗಿದ್ದಿತು! ಅದನ್ನು ನಾನು ಸೈದಾಪುರದ ಪಡಸಾಲೆಯಲ್ಲಿ ಕಂದೀಲಿನ ಬೆಳಕಿನಲ್ಲಿಯೇ ಕೇಳಿದ್ದೆನು.

ಈಗ ನನ್ನ ಒಂದು ಅಪರಾಧವನ್ನು ವಾಚಕರ ಮುಂದೆ ನಿವೇದಿಸಬೇಕು. ನಾನು ಮಾಸ್ತರನಾದ ಹೊಸತರಲ್ಲಿ, ಒಂದು ವಾದದಲ್ಲಿ ಗೆಲ್ಲಲೇಬೇಕೆಂಬ ಛಲದಿಂದ, ಗಾಂಧಾರಿಯವರ ತಟ್ಟೆಯೊಂದನ್ನು ಸಾಹುಕಾರರಿಂದ ಎರವಲು ತೆಗೆದುಕೊಂಡು ಹೋದೆನು. ಅದು ಜಲ್ಪವೇ ಹೊರತು ವಾದವಾಗಿರಲಿಲ್ಲ. ಸೈಕಲ್ಲಿನ ಮೇಲೆ ಬರುವಾಗ ಅದು ಎರಡು ಹೋಳಾಯಿತು. ಮೂರು ದಿನ ಅವರ ಮನೆಯ ಕಡೆಗೆ ಸುಳಿಯಲಿಲ್ಲ. ನಾಲ್ಕನೆಯ ದಿನ ಹೋಗಿ ಹೋಳುಗಳನ್ನು ಮುಂದಿಟ್ಟಾಗ, ಅವರು ಬಹಳ ಹೊತ್ತು ಅವನ್ನು ಜೋಡಿಸಿ ನೋಡಿದರು. ಆಮೇಲೆ ಲಕೋಟೆಯಲ್ಲಿಟ್ಟು, ಅದರ ಸ್ಥಾನದಲ್ಲಿಯೇ ಸೇರಿಸಿ, "ಮಾಸ್ತರ, ಒಡದದ್ದು ಪ್ಲೇಟು. ಅದರ ನಂಬರ ಒಡದಿಲ್ಲ. ನೀವು ಏನು ವಾದ ಮಾಡಿದ್ರಿ, ಅದನ್ನಷ್ಟು ವಹಿಯೊಳಗ ಬರದು ಹೋಗ್ರಿ" ಎಂದರು. ನಾನು ಬರೆದೆನು. ಬರೆಯುವಾಗ ನನ್ನ ವಾದವು ಎಷ್ಟು ಬಡವಾಗಿದ್ದಿತೆಂಬುದು ನನಗೇ ತಿಳಿಯಿತು.

ಸಾಹುಕಾರರು 1991ರಲ್ಲಿ ತೀರಿಕೊಂಡರು. ಮನೆಯು ಹಿಸ್ಸೆಯಾದಾಗ ತಟ್ಟೆಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋದವೆಂದು ನನಗೆ ತಿಳಿದುದು ಎರಡು ತಿಂಗಳ ತರುವಾಯ. ನಾನು ಆಗ ಪರಸ್ಥಳದಲ್ಲಿ ನೌಕರಿಯ ಮೇಲಿದ್ದೆನು. ಹಳೆಯ ವಹಿಗಳಿಗೆ ತೂಕವಿಲ್ಲವೆಂದು ಗುಜರಿಯವನು ಬಿಟ್ಟುಹೋದ ಒಂದು ವಹಿ ಮಾತ್ರ ನನಗೆ ದೊರೆಯಿತು. ತಟ್ಟೆಗಳಿಲ್ಲದ ವಾದಗಳು ನನ್ನ ಪೆಟ್ಟಿಗೆಯಲ್ಲಿವೆ. ವಾದಗಳಿಲ್ಲದ ತಟ್ಟೆಗಳು ಯಾವ ಪೇಟೆಯಲ್ಲಿ ಅಲೆಯುತ್ತಿವೆಯೋ!

ಸುದೈವದಿಂದ ದೇಶದಲ್ಲಿ ಈ ಕಾರ್ಯವನ್ನು ಶಾಸ್ತ್ರೀಯವಾಗಿ ಮಾಡಿದವರೂ ಇದ್ದಾರೆ. 1990ರಲ್ಲಿ ಮುಂಬಯಿಯಲ್ಲಿ ಧ್ವನಿಮುದ್ರಿಕೆಗಳ ಸಂಗ್ರಾಹಕರ ಸಂಘವೊಂದು ಸ್ಥಾಪಿತವಾಗಿ, ತನ್ನದೇ ಪತ್ರಿಕೆಯನ್ನು ಹೊರಡಿಸಿತು. ಮೈಕೇಲ್ ಕಿನ್ನಿಯರ್ ಎಂಬ ಆಸ್ಟ್ರೇಲಿಯದ ಸಂಶೋಧಕರು ಗ್ರಾಮಫೋನ್ ಕಂಪನಿಯ ಭಾರತದ ಮೊದಲ ಮುದ್ರಣಗಳ ಯಾದಿಯನ್ನು 1994ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು. ತಟ್ಟೆಯ ನಡುವಿನ ಕಾಗದದ ಸುತ್ತ ಅರಗಿನಲ್ಲಿಯೇ ಒತ್ತಿದ ಸಣ್ಣ ಅಂಕೆಗಳು ಮುದ್ರಣದ ಕಾಲನಿರ್ಣಯಕ್ಕೆ ಮುಖ್ಯ ಸಾಧನವೆಂಬುದು ಇಂಥವರ ಶ್ರಮದಿಂದಲೇ ಸರ್ವರಿಗೂ ತಿಳಿಯಿತು. ಶಾಸನದ ಶಕವರ್ಷದಂತೆ ಅದೂ ಒಂದು ಶಕವರ್ಷವೇ ಸರಿ.

ಇಂದು ಹಳೆಯ ಹಾಡುಗಳು ಅಂಗೈಯ ಮೊಬೈಲಿನಲ್ಲಿಯೇ ಕೇಳಿಬರುತ್ತಿರುವಾಗ, ಒಡೆಯುವ ಅರಗಿನ ಚಿಂತೆಯೇಕೆಂದು ಕೆಲವರು ಕೇಳಬಹುದು. ಹಾಡು ಉಳಿದಿದೆ, ನಿಜ. ಆದರೆ ಯಾವ ವರ್ಷದ್ದು, ಯಾವ ವೇಗದ್ದು, ಯಾವ ಊರಿನವರು ಅದನ್ನು ಏಕೆ ಮೆಚ್ಚಿದರು, ಏಕೆ ಅಲ್ಲಗಳೆದರು ಎಂಬುದು ಅಲ್ಲಿ ಬಹುಶಃ ದೊರೆಯದು. ಗಾಯಕನ ಇತಿಹಾಸವನ್ನು ತಟ್ಟೆಯು ಹೇಳುವದು. ಕೇಳಿದ ಜನರ ಇತಿಹಾಸವನ್ನು ಅವರ ವಾದಗಳೇ ಹೇಳಬೇಕು. ನಮ್ಮಂಥ ಊರುಗಳ ಸಂಗೀತದ ಚರಿತ್ರೆಯೆಂದರೆ ಬಹುಮಟ್ಟಿಗೆ ಈ ಎರಡನೆಯದೇ.

ಆದಕಾರಣ ಯಾದಗಿರಿ, ಶಹಾಪುರ, ಸುರಪುರ ಸೀಮೆಯ ವಾಚಕರಲ್ಲಿ ನನ್ನದೊಂದು ವಿಜ್ಞಾಪನೆ. ನಿಮ್ಮ ಮನೆಯ ಅಟ್ಟದ ಮೇಲೆ ತಟ್ಟೆಗಳಿದ್ದರೆ ಅವುಗಳ ಅಂಕೆಗಳನ್ನು ಬರೆದುಕೊಳ್ಳಿರಿ. ಅವನ್ನು ಕೊಂಡವರು ಬದುಕಿದ್ದರೆ, ಎಲ್ಲಿ ಯಾವಾಗ ಕೊಂಡರೆಂದು ಕೇಳಿರಿ. ಅದಕ್ಕಿಂತ ಹೆಚ್ಚಾಗಿ, ಯಾರೊಡನೆ ಏಕೆ ಜಗಳಾಡಿದರೆಂದು ಕೇಳಿರಿ. ನನ್ನಲ್ಲಿರುವ ವಹಿಯ ಪ್ರತಿಯೊಂದನ್ನು ನಮ್ಮ ಸಂಘದ ಪುಸ್ತಕಾಲಯಕ್ಕೆ ಈ ತಿಂಗಳು ಒಪ್ಪಿಸುತ್ತಿದ್ದೇನೆ. ಒಡೆದ ತಟ್ಟೆಯ ಮುಂದೆ ನಾನು ಬರೆದ ಆ ಬಡವಾದವೂ ಅದರಲ್ಲಿ ಇದೆ. ಅದನ್ನು ಯಾರಾದರೂ ಖಂಡಿಸಿದರೆ ಸಂತೋಷಪಡುವೆನು.